ಸುಖವಾಗೈತೇನ್ರಪ್ಪಾ?

ಪರರ ಪೃಷ್ಠದ ಬಗ್ಗೆ ನನ್ನ ಸೋದರಮಾವನಷ್ಟು ಕಾಳಜಿ ಇರುವ ಮನುಷ್ಯ ಇಡೀ ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಆ ಕಾಳಜಿಯಿಂದಲೇ ನಾವು ಐದು ಜನ ಒಂದು ಭಾನುವಾರ ಬೆಳಿಗ್ಗೆ ಕೆರೆಯ ಪಾಲಾಗುತ್ತಿದ್ದೆವು! ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ. ಅಚ್ಚಿನಲ್ಲಿ ಅದು ಕಾಣುವುದಿಲ್ಲ, ನನ್ನ ಪುಣ್ಯ.

ಮಾವ ಬಾಬುರಾಯನಕೊಪ್ಪಲಿನ ಬಡಗಿ. ಬಾಗಿಲು, ಕಿಟಕಿ, ಮಂಚ ಅಂತ ನೆಮ್ಮದಿಯಾಗಿದ್ದವನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ದೋಣಿಯ ಹುಚ್ಚು ಹಿಡಿಯಿತು. ಪಾಂಡವಪುರದ ಕಡೆಯ ದೊಡ್ಡ ಕೆರೆಯೊಂದರಲ್ಲಿ ಅಲ್ಲಿನ ಯುವಕರು ದೋಣಿ ಪಂದ್ಯ ಇಟ್ಟುಕೊಂಡಿದ್ದಾರೆಂದು ಕೇಳಿದ್ದೇ ತಡ, ತಾನೇ ಉದ್ದನೆಯ ದೋಣಿ ಕಟ್ಟಿದ, ತಾನೇ ನಾಯಕನಾದ, ತನ್ನ ಗಿರಾಕಿಗಳನ್ನೇ ತಂಡಕ್ಕೆ ಸೇರಿಸಿಕೊಂಡ. ಪಾಂಡವಪುರದ ನಿವೃತ್ತ ಗಣಿತದ ಮೇಷ್ಟ್ರು, ಸಂತೆಬಾಚಹಳ್ಳಿಯ ಅಕ್ಕಸಾಲಿ, ನಾಗಮಂಗಲದ ಅರ್ಚಕರು. ಮೂವರ ಮನೆಯ ಬಾಗಿಲುಗಳೂ ಮಾವನ ಕೊಟ್ಟಿಗೆಯಲ್ಲಿ ಅರ್ಧಕ್ಕೆ ನಿಂತಿದ್ದವು; ಇಲ್ಲವೆನ್ನಲು ಯಾರಿಗಿದೆ ಧೈರ್ಯ? ಐದನೆಯವನು ಕಿರಂಗೂರಿನ ನಾನು, ಅಳಿಯನಾಗಿ ಹುಟ್ಟಿದ ತಪ್ಪಿಗೆ.

"ಬಲ ತೋಳಲ್ಲಿಲ್ಲ ಕಣ್ರಪ್ಪಾ," ಎಂದು ಮೊದಲ ದಿನವೇ ಮಾವ ಉಪದೇಶ ಮಾಡಿದ. "ಕುಂಡಿ ಸುಖವಾಗಿದ್ರೆ ಮನಸು ಸುಖವಾಗಿರ್ತದೆ. ಮನಸು ಸುಖವಾಗಿದ್ರೆ ದೋಣಿ ತಾನಾಗೇ ಓಯ್ತದೆ."

ಬಡಗಿಯಲ್ಲವೇ, ಅಳತೆಯಿಲ್ಲದೆ ಕೆಲಸ ಶುರುಮಾಡುವುದುಂಟೇ? ಐದು ಮಂಕರಿ ಹಸಿ ಜೇಡಿಮಣ್ಣು ತರಿಸಿ ಒಬ್ಬೊಬ್ಬರನ್ನೇ ಅದರಲ್ಲಿ ಕೂರಿಸಿದ. ಅರ್ಚಕರು ಪಂಚೆ ಮಡಚಿ, ಕಣ್ಣು ಮುಚ್ಚಿ, ಏನನ್ನೋ ಪಠಿಸುತ್ತಾ ಕೂತರು. ಆ ಅಚ್ಚುಗಳು ನಾಲ್ಕು ದಿನ ಜಗಲಿಯ ಮೇಲೆ ಸಾಲಾಗಿ ಒಣಗಿದವು. ಬಂದವರೆಲ್ಲ ಇದೇನೆಂದು ಕೇಳುವವರೇ.

"ಇನ್ನೇನು, ದೊಡ್ಡ ಮನುಸ್ರ ಕುಂಡಿ ಒಣಗಾಕವ್ರೆ!" ಎಂದು ಅತ್ತೆ ಒಳಗಿನಿಂದಲೇ ಕೂಗುತ್ತಿದ್ದಳು. "ಬೇಕಿದ್ರೆ ನಿಮ್ದೂ ಕೊಟ್ಟೋಗಿ!"

ಅಚ್ಚಿಗೆ ತಕ್ಕಂತೆ ಕೂರುವ ಹಲಗೆಗಳನ್ನು ಕೊರೆದದ್ದಾಯಿತು. ಆದರೂ ಮರ ಮರವೇ, ಒತ್ತುತ್ತದೆ. ಅದೇ ಹೊತ್ತಿಗೆ ಮೇಷ್ಟ್ರು ಎಲ್ಲರಿಗೂ ಒಂದೊಂದು ತೇಲುವ ಜಾಕೀಟು ತಂದರು. ಮಾವ ಅದನ್ನು ಹಿಚುಕಿ ನೋಡಿದ. ಮುಖ ಅರಳಿತು. ಸುತ್ತಿಗೆ ತಂದು ಐದನ್ನೂ ಹಲಗೆಗಳ ಮೇಲಿಟ್ಟು ಮೊಳೆ ಹೊಡೆದುಬಿಟ್ಟ!

"ಮಾವ, ಅದನ್ನ ಎದೆಗೆ ಕಟ್ಕೋಬೇಕು!"

"ಎದೇಗ್ಯಾಕ್ಲಾ ಮೆತ್ತೆ? ಎದೆ ಮ್ಯಾಲೆ ಕುಂತ್ಕತೀಯಾ?"

ಮನಸ್ಸಿನ ವಿಷಯದಲ್ಲಿ ಮಾವ ಇನ್ನೂ ಕಟ್ಟುನಿಟ್ಟು. ಮುಂದೆ ಕೂತವನ ಬೆನ್ನನ್ನು ಬಿಟ್ಟು ಬೇರೇನನ್ನೂ ನೋಡಬಾರದು. ನೋವು, ಸುಸ್ತು, ಭಯ, ಮುಳುಗು, ಈ ಮಾತುಗಳು ದೋಣಿಯಲ್ಲಿ ನಿಷಿದ್ಧ. ಆಗಾಗ ಅವನು "ಸುಖವಾಗೈತೇನ್ರಪ್ಪಾ?" ಎಂದು ಕೂಗುತ್ತಾನೆ, ಯಾವ ಅವಸ್ಥೆಯಲ್ಲಿದ್ದರೂ ಅದರಲ್ಲಿನ ಸುಖವನ್ನೇ ವರದಿ ಮಾಡಬೇಕು. ಒಮ್ಮೆ ಅಕ್ಕಸಾಲಿಯ ಜಾಕೀಟಿನೊಳಗೆ ಕೆಂಪಿರುವೆ ಸೇರಿದ್ದವು. ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡು, "ತುಂಬಾ ಚುರುಕಾಗೈತೆ ಯಜಮಾನ್ರೇ!" ಎಂದ. ಅವತ್ತು ದೋಣಿಯೂ ಚುರುಕಾಗಿಯೇ ಹೋಯಿತು.

ಇನ್ನು ತೂತಿನ ಸಂಗತಿ. ಅಭ್ಯಾಸ ಮುಗಿದ ಮೇಲೆ ದೋಣಿಯಲ್ಲಿ ನೀರು ನಿಂತರೆ ಮೆತ್ತೆಗಳು ಒದ್ದೆಯಾಗುತ್ತವೆ, ಒದ್ದೆ ಮೆತ್ತೆ ಸುಖಕ್ಕೆ ಕೇಡು. ಆದ್ದರಿಂದ ಮಾವ ತಳದಲ್ಲೊಂದು ಹೆಬ್ಬೆರಳಿನ ಗಾತ್ರದ ತೂತು ಕೊರೆದು, ಅದಕ್ಕೊಂದು ಮರದ ಬಿರಡೆ ಮಾಡಿಟ್ಟಿದ್ದ. ದಡಕ್ಕೆ ಬಂದ ಮೇಲೆ ಬಿರಡೆ ಕೀಳುವುದು, ಹೊರಡುವ ಮುಂಚೆ ಜಡಿಯುವುದು. ಎರಡೂ ನಾಯಕನ ಕೆಲಸ, ಬೇರೆಯವರು ಮುಟ್ಟುವಂತಿಲ್ಲ.

ಆ ಭಾನುವಾರ ನಾವು ಕೆರೆಯ ನಡುವಿಗೆ ಬಂದಿದ್ದೆವು. ಮಾವ ಎಲ್ಲರಿಗಿಂತ ಮುಂದೆ, ಅವನ ಹಿಂದೆ ನಾನು.

"ಸುಖವಾಗೈತೇನ್ರಪ್ಪಾ?"

ಕೊನೆಯಲ್ಲಿದ್ದ ಮೇಷ್ಟ್ರು, "ಪಾದಕ್ಕೆ ತಂಪಾಗೈತೆ!" ಎಂದರು.

"ಶಭಾಷ್!"

ಸ್ವಲ್ಪ ಹೊತ್ತಿಗೆ ಅರ್ಚಕರು, "ಮೊಣಕಾಲಿನವರೆಗೂ ಹಿತವಾಗಿದೆ ಸ್ವಾಮಿ."

"ಮನಸು ಅಂದ್ರೆ ಇಂಗಿರಬೇಕು ನೋಡಿ!"

ಆಮೇಲೆ ಅಕ್ಕಸಾಲಿ, "ಬುತ್ತಿ ಡಬ್ಬಿ ಆರಾಮಾಗಿ ತೇಲ್ತಾ ಐತೆ ಯಜಮಾನ್ರೇ!"

ನಾನೇನು ಮಾಡುತ್ತಿದ್ದೆ? ನಿಯಮದ ಪ್ರಕಾರ ಮಾವನ ಬೆನ್ನು ನೋಡುತ್ತಿದ್ದೆ. ಬೆನ್ನಿನ ಮೇಲೆ ಕತ್ತು, ಕತ್ತಿನ ಪಕ್ಕ ಕಿವಿ. ಪೆನ್ಸಿಲ್ಲು, ಬೀಡಿ, ಮೊಳೆ, ಏನು ಕೈಗೆ ಸಿಕ್ಕಿದರೂ ಕಿವಿಯ ಸಂದಿಗೆ ಸಿಕ್ಕಿಸಿ ಟವೆಲ್ಲಿನಿಂದ ಬಿಗಿಯಾಗಿ ತಲೆ ಕಟ್ಟಿಕೊಳ್ಳುವುದು ಮಾವನ ಅಭ್ಯಾಸ. ಅವತ್ತೂ ಅಲ್ಲೇನೋ ಮರದ್ದು ಇಣುಕುತ್ತಿತ್ತು. ದಪ್ಪ ಪೆನ್ಸಿಲ್ಲು ಅಂದುಕೊಂಡೆ. ಡಿಗ್ರಿಯಲ್ಲಿ ಭೌತಶಾಸ್ತ್ರ ಓದಿ, ತೇಲುವ ವಸ್ತುಗಳ ನಿಯಮಕ್ಕೆ ಹತ್ತಕ್ಕೆ ಹತ್ತು ಅಂಕ ತೆಗೆದವನು ನಾನು! ಅರ್ಧ ಗಂಟೆ ಆ ಬಿರಡೆಯನ್ನೇ ನೋಡುತ್ತಾ ಹುಟ್ಟು ಹಾಕಿದೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಕಿವಿ, ಅದೇ ಬಿರಡೆ.

ದೋಣಿ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಮಾಡಿ ಮಗುಚಿಕೊಂಡಿತು. ಹಿಂದಿದ್ದ ಮೂವರಿಗೂ ಮಗುಚಿದ ದೋಣಿಯ ಬೆನ್ನು ಸಿಕ್ಕಿತು. ನಾನೊಬ್ಬ ದೂರಕ್ಕೆ ಬಿದ್ದೆ. ನನ್ನದು ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕಲಿತ ಈಜು. ಬುರುಡೆ ಬಿಚ್ಚುವ ಹಂತಕ್ಕೆ ಇನ್ನೂ ಬಂದಿರಲಿಲ್ಲ. ಎರಡು ಸಲ ಕೆರೆ ಕುಡಿದೆ. ಮೂರನೆಯ ಸಲ ತಲೆ ಎತ್ತಿದಾಗ ಮಾವ ಕಂಡ. ಒಂದು ಕೈಯಲ್ಲಿ ದೋಣಿ ಹಿಡಿದು, ಇನ್ನೊಂದರಲ್ಲಿ ತನ್ನ ಜಾಕೀಟನ್ನು ಮೊಳೆ ಸಮೇತ ಕಿತ್ತು ನನ್ನತ್ತ ಚಾಚುತ್ತಿದ್ದ. ಎಟುಕಲಿಲ್ಲ. ದೋಣಿಯನ್ನು ಬಿಟ್ಟೇಬಿಟ್ಟ. ನೀರು ಬಡಿದುಕೊಂಡು ಬಂದು ಜಾಕೀಟನ್ನು ನನ್ನ ಎದೆಗೆ ಒತ್ತಿದ.

"ನಂಗೆ ಈಜು ಬತ್ತದೆ ಕಣ್ಲಾ! ತಬ್ಕೋ!"

ಅಷ್ಟು ಹೇಳಿ ಕಾಣೆಯಾದ.

ತೆಪ್ಪದಲ್ಲಿ ಮೀನು ಹಿಡಿಯುತ್ತಿದ್ದವನೊಬ್ಬ ಧಾವಿಸಿ ಬಂದು, ನೀರಿಗೆ ಹಾರಿ, ಮಾವನನ್ನು ಅಂಗಿಯ ಕೊರಳುಪಟ್ಟಿ ಹಿಡಿದು ಎತ್ತಿ ಹಾಕಿಕೊಂಡ. ಉಳಿದ ನಾಲ್ವರೂ ತೆಪ್ಪದ ಅಂಚು ಹಿಡಿದು ದಡ ಸೇರಿದೆವು. ದಡದಲ್ಲಿ ಹೊಟ್ಟೆ ಒತ್ತಿ ನೀರು ಕಕ್ಕಿಸಿದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ: "ಯಜಮಾನ್ರೇ, ಕಿವಿ ಸಂದೀಲಿ ಅದೇನು ಮಡೀಕಂಡಿದ್ದೀರಿ?"

ಐದೂ ಜನ ಬಿರಡೆಯನ್ನು ನೋಡಿದೆವು. ಮೇಷ್ಟ್ರು ತಂಡದ ಪರವಾಗಿ ಬಾಯಿ ತೆರೆದರು, ಬರೀ ನೀರು ಬಂತು.

ಸಂಜೆ ವಿಷಯ ತಿಳಿದ ಅತ್ತೆ ಬಾಗಿಲಿನ ಚೌಕಟ್ಟಿಗೆ ಒರಗಿ ಕೂತುಬಿಟ್ಟಳು. "ಇವ್ರಿಗೆಲ್ಲೀದ್ಲಾ ಈಜು? ಒಳೇಲಿ ಮೊಣಕಾಲು ಮುಳುಗೋ ಗಂಟ ಕೂಡಾ ಇಳಿಯಾಕಿಲ್ಲ ಈ ಮನ್ಸ," ಎಂದಳು.

ಪಂದ್ಯ ನಾವಿಲ್ಲದೆಯೇ ನಡೆಯಿತು. ಮೂರು ಮನೆಗಳ ಬಾಗಿಲುಗಳೂ ಒಂದೇ ವಾರದಲ್ಲಿ ಮುಗಿದವು. ಮಾವ ಮಾತು ಕಡಿಮೆ ಮಾಡಿದ. ಯಾರನ್ನೂ ಸುಖವಾಗಿದ್ದೀರಾ ಎಂದು ಕೇಳಲೇ ಇಲ್ಲ. ತಡೆಯಲಾರದೆ ನಾನೇ ಹೋಗಿ, "ನಡೀ ಮಾವ, ದೋಣಿ ಇಳಿಸೋಣ," ಎಂದೆ.

ಮೊನ್ನೆ ಇಳಿಸಿದೆವು. ಎಲ್ಲರ ಎದೆಗೂ ಜಾಕೀಟು. ಬಿರಡೆಯನ್ನು ಮಾವ ನನ್ನ ಅಂಗೈಯಲ್ಲಿಟ್ಟ, ನಾನೇ ಜಡಿದೆ. ದಡ ದೂರವಾದಂತೆ ನನ್ನ ಹುಟ್ಟು ತಾಳ ತಪ್ಪತೊಡಗಿತು. ಮಾವ ತಿರುಗದೆಯೇ, ಮೆಲ್ಲಗೆ ಕೇಳಿದ.

"ಸುಖವಾಗೈತೇನ್ಲಾ?"

"ಇಲ್ಲ ಮಾವ. ಭಯ ಆಗ್ತೈತೆ."

ನಿಷಿದ್ಧ ಪದ! ಬೈಗುಳಕ್ಕಾಗಿ ಕಾದೆ.

"ನಂಗೂ ಕಣ್ಲಾ," ಎಂದ ಮಾವ.

ನಾನು ನಿಯಮದಂತೆ ಅವನ ಬೆನ್ನನ್ನೇ ನೋಡುತ್ತಿದ್ದೆ. ಅದೂ ನಡುಗುತ್ತಿತ್ತು.