ಒಂದೇ ಬೆಡಗಿನ ಕುರಿಗಳು

ಚೆಂದ ಕಂಡರೆ ಮನುಷ್ಯರ ಬುದ್ಧಿ ಸ್ವಲ್ಪ ಮಂಕಾಗುತ್ತದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಆದರೆ ಅದು ಕುರಿದೊಡ್ಡಿಯವರೆಗೂ ಬರುತ್ತದೆ ಎಂದು ತಿಳಿದದ್ದು ಮದುವೆಯಾಗಿ ಹುಳಿಯಾರಿನ ಪಕ್ಕದ ಈ ಹಟ್ಟಿಗೆ ಬಂದ ಮೇಲೆ. ನನ್ನ ತವರು ತುರುವೇಕೆರೆ. ಅಪ್ಪ ಅಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕುಲದಿಂದ ನಾವೂ ಕುರಿಯವರೇ, ಆದರೆ ನಮ್ಮ ಮನೆಯಲ್ಲಿ ಕುರಿಯ ಗುರುತು ಎಂದರೆ ಟ್ರಂಕಿನಲ್ಲಿದ್ದ ಒಂದು ಕಂಬಳಿ ಮಾತ್ರ. ಹಾಗಾಗಿ ಇಲ್ಲಿ ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಅತ್ತೆ ಕರಿಯಮ್ಮನವರ ಮಂದೆ ಸುತ್ತಲಿನ ಹಟ್ಟಿಗಳಲ್ಲಿ ಹೆಸರುವಾಸಿ. ಗೊಬ್ಬರಕ್ಕೆಂದು ತೋಟದಲ್ಲಿ ಮಂದೆ ನಿಲ್ಲಿಸಿಕೊಳ್ಳುವ ತೆಂಗಿನವರು, "ಆ ಹಣೆಬೊಟ್ಟಿನ ಕುರಿಗಳನ್ನೇ ಕಳ್ಸಮ್ಮ" ಎಂದು ಕೇಳಿಕೊಂಡು ಬರುತ್ತಿದ್ದರು. ಹಣೆಯ ಬೊಟ್ಟಿನಿಂದ ಹಿಕ್ಕೆಗೆ ಏನು ಬಲ ಬರುತ್ತದೋ ನನಗೆ ಇಂದಿಗೂ ತಿಳಿಯದು. ಬೊಟ್ಟು ಬಂದದ್ದು ರಾಜನಿಂದ. ರಾಜ ನಮ್ಮ ಬೀಜದ ಟಗರು. ಎಣ್ಣೆ ಹಚ್ಚಿದಂಥ ಕಪ್ಪು ಮೈ, ಹಣೆಯ ನಡುವೆ ಬಿಳಿ ಬೊಟ್ಟು, ಸುರುಳಿ ಸುತ್ತಿದ ಕೊಂಬು. ಅವನಿಗೆ ವಯಸ್ಸಾದಾಗ ಅವನ ಗಂಡುಮರಿಗಳಲ್ಲಿ ಅತಿ ಚೆಂದದ್ದನ್ನು ಉಳಿಸಿಕೊಂಡು ಉಳಿದವನ್ನು ಸಂತೆಗೆ ಕಳಿಸುತ್ತಿದ್ದರು. ಉಳಿದವನೂ ರಾಜನೇ. ಅವನ ಮಗನೂ ರಾಜನೇ. ಹೊರಗಿನ ಟಗರು ಹತ್ತಿರ ಸುಳಿದರೆ ಅತ್ತೆ ಕೋಲು ಎತ್ತುತ್ತಿದ್ದರು. ಕೊನೆಗೆ ಇಡೀ ಮಂದೆಯೇ ಒಂದು ಫೋಟೋದ ಪ್ರತಿಗಳಂತಿತ್ತು. ತಾಯಿ ಯಾರು, ಮಗಳು ಯಾರು ಎಂದು ನನಗಂತೂ ಗುರುತು ಸಿಗುತ್ತಿರಲಿಲ್ಲ.

ಒಂದು ವರ್ಷ ಕುರಿಗಳು ಈಯುವ ಕಾಲಕ್ಕೆ ಮರಿಗಳು ನಿಲ್ಲಲಿಲ್ಲ. ನಿಲ್ಲಲಿಲ್ಲ ಎಂದರೆ ಕಾಲ ಮೇಲೆ ನಿಲ್ಲಲಿಲ್ಲ ಎಂದೇ ಅರ್ಥ. ಕೆಲವಕ್ಕೆ ಕೆಳದವಡೆ ಎಷ್ಟು ಗಿಡ್ಡವಾಗಿತ್ತೆಂದರೆ ಮೊಲೆ ಹಿಡಿಯಲು ಆಗುತ್ತಿರಲಿಲ್ಲ. ನಾನು ಒಂದಕ್ಕೆ ಸೀಸೆಯಲ್ಲಿ ಹಾಲು ಕುಡಿಸುತ್ತ ಕೂತಿದ್ದೆ. ಹಾಲು ಬಾಯಿಯ ಪಕ್ಕದಿಂದ ಸುರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಮರಿಯಲ್ಲಿ ಉಸಿರಿರಲಿಲ್ಲ, ಬೊಟ್ಟು ಮಾತ್ರ ಬೆಳ್ಳಗಿತ್ತು. ಅತ್ತೆ ದೃಷ್ಟಿ ತೆಗೆದರು, ತಾಯಿತ ಕಟ್ಟಿದರು. ನನ್ನ ಗಂಡ, "ಮಂದೆ ಮಾರ್ಬುಡಣ ಕಣವ್ವ" ಎಂದರು. ಅತ್ತೆ ಆ ದಿನ ಉಣ್ಣಲಿಲ್ಲ. ಮಂದೆ ಹೋದರೆ ಅವರಲ್ಲಿ ಏನು ಉಳಿಯುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಆಗ ಬಂದವರು ಪಶುವೈದ್ಯರು. ಕುರಿಗಳನ್ನು ಒಂದು ಸುತ್ತು ನೋಡಿ, ರಕ್ತ ತೆಗೆದುಕೊಂಡರು.

"ರಕ್ತದಾಗೆ ಏನ್ ನೋಡ್ತೀರ ಸ್ವಾಮಿ?" ಎಂದರು ಅತ್ತೆ.

"ವಂಶದ ಗುರುತು ಅದರಲ್ಲಿ ಇರುತ್ತಮ್ಮ. ಮುಂದೆ ಒಂದು ಕಾಲಕ್ಕೆ ಹನಿ ರಕ್ತ ನೋಡಿ, ಯಾವ ಮರೀನ ಬೀಜಕ್ಕೆ ಬಿಡಬೇಕು ಅಂತ ಅದು ಬೆಳೆಯೋಕೆ ಮೊದಲೇ ಹೇಳ್ತಾರೆ."

"ಜಾತಕ ಅನ್ನಿ."

"ಹಂಗೇ ಅನ್ಕೊಳ್ಳಿ. ಆದ್ರೆ ನಿಮ್ಮ ಮಂದೆಗೆ ಜಾತಕ ಬೇಡ. ನಿಮ್ಮಲ್ಲಿ ಒಂದೇ ಬೆಡಗಿನವರು ಮದುವೆ ಆಗ್ತಾರಾ?"

ಬೆಡಗು ಎಂದರೆ ನಮ್ಮವರಲ್ಲಿ ಒಂದು ಮೂಲದ ಬಳಿ, ಗೋತ್ರವಿದ್ದಂತೆ. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ. ಅದೇ ಕಾರಣಕ್ಕೆ ಅತ್ತೆ ತಮ್ಮ ಮಗಳಿಗೆ ಬಂದ ಬಲು ಒಳ್ಳೆಯ ಗಂಡನ್ನು ಬೇಡವೆಂದಿದ್ದರು.

"ಶಿವಶಿವಾ! ಉಂಟಾ ಎಲ್ಲಾದ್ರೂ!" ಎಂದರು.

"ನಿಮ್ಮ ಕುರಿ ಎಲ್ಲ ಒಂದೇ ಬೆಡಗು ಕಣಮ್ಮ. ಅಪ್ಪನೂ ರಾಜ, ಗಂಡನೂ ರಾಜ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ನಾಚಿಕೆ ನಾನು ಕಂಡದ್ದು. ತಾವೇ ಮುಂದೆ ನಿಂತು ಮಾಡಬಾರದ ಮದುವೆಗಳನ್ನೆಲ್ಲ ಮಾಡಿಸಿದವರ ಮುಖ ಅದು. ಆಮೇಲೆ ತಲೆಯೆತ್ತಿ, "ದೂರದ ಗಂಡು ನೋಡಣ ಬುಡಿ" ಎಂದರು.

ಗಂಡು ಸಿಕ್ಕಿತು, ಕಿಬ್ಬನಹಳ್ಳಿ ಕಡೆಯ ಬೀರಣ್ಣ ಎಂಬುವರ ಮಂದೆಯಲ್ಲಿ. ಅವರು ನಮ್ಮ ರಾಜನನ್ನು ಇಟ್ಟುಕೊಂಡು ಅದನ್ನು ಕೊಟ್ಟರು. ಅವರ ಮಂದೆಗೆ ರಾಜನೂ ದೂರದವನೇ ತಾನೆ. ಬಂದದ್ದು ಕೆಮ್ಮಣ್ಣಿನ ಬಣ್ಣದ ಟಗರು. ಒಂದು ಕೊಂಬು ಕೆನ್ನೆಯ ಕಡೆಗೆ ಬಾಗಿತ್ತು, ಒಂದು ಕಿವಿ ಹರಿದಿತ್ತು. ಹಟ್ಟಿಯ ಹೆಂಗಸರು, "ಇದೇನ್ ಕರಿಯಕ್ಕ, ರಾಜನ್ನ ಕೊಟ್ಟು ಜವಾನನ್ನ ತಂದ್ಯಾ?" ಎಂದು ನಕ್ಕರು. ಜವಾನ ಎಂಬ ಹೆಸರೇ ನಿಂತಿತು. ನೀರು ಇಡಲು ಹೋದ ನನ್ನನ್ನು ಮೊದಲ ದಿನವೇ ಅವನು ಗುದ್ದಿ ತೆಂಗಿನ ಮಟ್ಟೆಯ ರಾಶಿಗೆ ಎಸೆದ. ನನಗೆ ನೋವಾಯಿತು. ಅತ್ತೆಗೆ ಸಂತೋಷವಾಯಿತು. "ಏನ್ ಕಸುವು ನೋಡೇ!" ಎಂದರು, ನನ್ನನ್ನು ಎತ್ತುವ ಮೊದಲೇ.

ಮರಿಗಳು ಹುಟ್ಟಿದವು. ಕೆಂಪು, ಮಚ್ಚೆ, ಬೂದು, ಒಂದರಂತೆ ಒಂದಿಲ್ಲ. ಚೆಂದದ್ದು ಒಂದೂ ಇಲ್ಲ. ಮೈ ಒಣಗುವ ಮೊದಲೇ ಎದ್ದು ತಾಯಿಯ ಕೆಚ್ಚಲಿಗೆ ಗುದ್ದುತ್ತಿದ್ದವು. ಆ ಬೆಳಿಗ್ಗೆ ವೈದ್ಯರನ್ನೂ ಬೀರಣ್ಣನವರನ್ನೂ ಮನಸ್ಸಿನಲ್ಲೇ ನೆನೆದು ಕೈಮುಗಿದೆ. ಜವಾನನಿಗೂ ಮುಗಿದೆ, ತುಸು ದೂರದಿಂದ.

ಅತ್ತೆ ದೊಡ್ಡಿಯ ಕಲ್ಲಿನ ಮೇಲೆ ಕೂತು ಮರಿಗಳನ್ನು ನೋಡುತ್ತಿದ್ದವರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು.

"ನಿನ್ನ ತಂದಾಗ್ಲೂ ಹಿಂಗೇ ಆಡ್ಕೊಂಡ್ರು ಕಣೇ ರತ್ನ. ದೂರದ್ದು, ರೂಪ ಸಾಲ್ದು ಅಂದ್ರು. ನಾನು ಅಂದೆ, ನಮ್ಮನೇಲಿ ಎಲ್ರುದೂ ಒಂದೇ ಮೂತಿ, ಒಂದೇ ಮೊಂಡು, ಹೊಸ ರಕ್ತ ಬರ್ಲಿ ಬುಡಿ ಅಂತ."

ಇದಕ್ಕಿಂತ ದೊಡ್ಡ ಮೆಚ್ಚುಗೆ ಅವರಿಂದ ನನಗೆ ಸಿಕ್ಕಿಲ್ಲ. ಮನಸ್ಸು ತುಂಬಿ ಬಂತು. ಕಾಫಿ ಮಾಡಿಕೊಡಲು ಒಳಗೆ ಹೋದೆ. ಹೋಗುವ ದಾರಿಯಲ್ಲಿ ಕನ್ನಡಿಯ ಕಡೆಗೆ ಮಾತ್ರ ನೋಡಲಿಲ್ಲ.