ದೊಡ್ಡಪ್ಪನ ಟಿಕೆಟ್ ತಪಾಸಣೆ

ನಮ್ಮ ದೊಡ್ಡಪ್ಪ ಈ ಲೋಕದಲ್ಲಿ ನಂಬುವುದು ದೇವರೊಬ್ಬನನ್ನೇ. ಅದನ್ನೂ ಆಣೆ ಇಟ್ಟು ಹೇಳಲಾರೆ! ನಾಳೆ ಸ್ವರ್ಗದ ಬಾಗಿಲಲ್ಲಿ ಆತನೇ ಎದುರಾದರೂ 'ನೀವು ದೇವರೇ ಅನ್ನಲಿಕ್ಕೆ ಕಾರ್ಡು ಎಂತಾದರೂ ಉಂಟಾ?' ಎಂದು ಕೇಳಿಯೇ ಒಳಗೆ ಕಾಲಿಡುವವರು ಅವರು.

ಪಾಪ, ಅವರ ತಪ್ಪಲ್ಲ. ಉಡುಪಿ ಕಡೆಯಿಂದ ಮದರಾಸಿಗೆ ಬಂದು, ಆಯುಷ್ಯವೆಲ್ಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಿದ್ದೆ ಮಾಡುತ್ತಿರುವವನು ನಟಿಸುತ್ತಿದ್ದಾನೆ, ಶೌಚಾಲಯಕ್ಕೆ ಹೋದವನು ಅಡಗಿದ್ದಾನೆ ಎಂಬುದು ಅವರ ಮೂಲ ಸಿದ್ಧಾಂತ. 'ಟಿಕೆಟ್ ಹಿಂದೆ ಬರುವವರ ಹತ್ತಿರ ಇದೆ ಸಾರ್' ಎಂಬ ಸುಳ್ಳನ್ನು ಅವರಷ್ಟು ಕೇಳಿದವರು ದಕ್ಷಿಣ ಭಾರತದಲ್ಲೇ ಇರಲಾರರು. ಒಮ್ಮೆ ನಮ್ಮ ಅಪ್ಪನನ್ನು ಕರೆದೊಯ್ಯಲು ಸ್ಟೇಷನ್ನಿಗೆ ಬಂದ ದೊಡ್ಡಮ್ಮನಿಗೇ ಪ್ಲಾಟ್‌ಫಾರ್ಮ್ ಟಿಕೆಟ್ ಇಲ್ಲವೆಂದು ದಂಡ ಹಾಕಿದ್ದರಂತೆ! ದೊಡ್ಡಮ್ಮ ತೀರಿಹೋಗುವವರೆಗೂ ಆ ದಂಡವನ್ನು ದೊಡ್ಡಪ್ಪನ ತಟ್ಟೆಯ ಮೀನಿನ ತುಂಡುಗಳಲ್ಲಿ ಕಡಿತ ಮಾಡಿ ವಸೂಲು ಮಾಡುತ್ತಿದ್ದರು.

ಇಂಥವರ ಮುಂದೆ ನಿಂತು, ವೈದ್ಯಕೀಯದ ಕೊನೆಯ ವರ್ಷದವಳಾದ ನಾನು, 'ಎರಡು ವಾರ ಉಗಾಂಡಕ್ಕೆ ಹೋಗುತ್ತೇನೆ' ಎಂದರೆ ಹೇಗಿರಬೇಡ! ನಮ್ಮ ಕ್ರೈಸ್ತ ವಿದ್ಯಾರ್ಥಿಗಳ ಪ್ರಾರ್ಥನಾಕೂಟದವರು ಅಲ್ಲಿಯ ಹಳ್ಳಿಯೊಂದರ ಮಿಷನ್ ಆಸ್ಪತ್ರೆಯಲ್ಲಿ ಸೇವೆ ಮಾಡಲು ಹೊರಟಿದ್ದೆವು. ಅಪ್ಪ ಬ್ಯಾಂಕಿನ ವರ್ಗಾವಣೆಯಲ್ಲಿ ಊರೂರು ಸುತ್ತುವವರು. ನಾನು ಓದಿ ಉಂಡು ಬೆಳೆದದ್ದೆಲ್ಲ ಮದರಾಸಿನ ಪಲ್ಲಾವರಂನ ದೊಡ್ಡಪ್ಪನ ಮನೆಯಲ್ಲಿ. 'ಅಣ್ಣ ಹೂಂ ಅಂದರೆ ಹೋಗು' ಎಂದು ಅಪ್ಪ ಫೋನಿನಲ್ಲೇ ಕೈ ತೊಳೆದುಕೊಂಡರು. ಅಣ್ಣ ಹೂಂ ಅನ್ನುವುದುಂಟೇ?

"ಯಾರು ಕರೆದದ್ದು ನಿನ್ನನ್ನು?"

"ದೇವರೇ ಕರೀತಿದ್ದಾರೆ ಅಂತ ಅನ್ನಿಸ್ತು ದೊಡ್ಡಪ್ಪ."

"ಯಾವ ನಂಬರಿಂದ?"

 ಉತ್ತರಕ್ಕೂ ಕಾಯದೆ ಅವರೇ ಮುಂದುವರಿಸಿದರು. "ಅಲ್ಲ ಮಾರಾಯ್ತಿ, ಪುಕ್ಕಟೆ ಕೆಲಸ ಮಾಡ್ಲಿಕ್ಕೆ ಕೈಯಿಂದ ಖರ್ಚು ಮಾಡಿ ಯಾರಾದ್ರೂ ಹೋಗ್ತಾರಾ? ಇಲ್ಲೇ ತಿರುವೊಟ್ಟಿಯೂರಿನಲ್ಲಿ ಕೆಮ್ಮುವವರು ಇಲ್ವಾ? ನೀನು ಎರಡು ಕಿಡ್ನಿ ತಕೊಂಡು ಹೋಗಿ ಒಂದರಲ್ಲಿ ವಾಪಸು ಬಂದ್ರೆ ನಿನ್ನ ಅಪ್ಪನಿಗೆ ನಾನೆಂತ ಹೇಳುದು? ಹೋಗುವ ಮೊದಲು ಸ್ಕ್ಯಾನ್ ಮಾಡಿಸು. ಲಗೇಜು ಬುಕ್ ಮಾಡುವಾಗ ತೂಕ ನೋಡುದಿಲ್ವಾ?"

ಸಮಾಧಾನ ಹೇಳಲು ನಮ್ಮ ಚರ್ಚಿನ ಸಭಾಪಾಲಕರನ್ನು ಮನೆಗೆ ಕರೆಸಿದೆ. 'ಸ್ವಲ್ಪ ನಂಬಿಕೆ ಇಡಬೇಕು' ಎಂದರು ಅವರು. ದೊಡ್ಡಪ್ಪ ಕಿಟಕಿಯಾಚೆ ನಮ್ಮ ಪಕ್ಕದ ಬೆಟ್ಟದ ದಿಕ್ಕಿಗೆ ಕೈ ತೋರಿಸಿದರು. ಸತ್ತು ಮರಳಿ ಎದ್ದುಬಂದ ಗುರುವಿನ ಗಾಯಕ್ಕೆ ಬೆರಳಿಟ್ಟು ನೋಡದೆ ನಂಬುವುದಿಲ್ಲ ಎಂದ ಶಿಷ್ಯನ ಹೆಸರಿನ ಬೆಟ್ಟ ಅದು! "ಹನ್ನೆರಡು ಮಂದಿ ಶಿಷ್ಯರಲ್ಲಿ ಸರಿಯಾಗಿ ಚೆಕ್ ಮಾಡಿದವ ಅವನೊಬ್ಬನೇ ಅಯ್ಯನವರೇ. ಅವನಿಗೆ ಬೆಟ್ಟವೇ ಸಿಕ್ಕಿತು!" ಸಭಾಪಾಲಕರು ಕಾಫಿ ಕುಡಿದು ಎದ್ದುಹೋದರು.

ಉಗಾಂಡಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಲೇಬೇಕು. ದೊಡ್ಡಪ್ಪನ ಪ್ರಕಾರ ಆ ಜ್ವರ ನಮ್ಮ ಕಾಮಾಲೆಯೇ, ಹೆಸರು ಬದಲಿಸಿ ಮಾರುತ್ತಿದ್ದಾರೆ! ನಾನು ಚುಚ್ಚಿಸಿಕೊಂಡು ಬರುವಷ್ಟರಲ್ಲಿ ವಾರದ ಸಂತೆಯಿಂದ ಕಾಮಾಲೆಯ ಮದ್ದು ನೆಲನೆಲ್ಲಿ ತಂದು, ಅರೆದು, ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕಣ್ಣು ಮುಚ್ಚಿ ಕುಡಿದೆ.

"ಕಹಿ ಉಂಟಲ್ಲ?"

"ವಿಷದ ಹಾಗೆ ಇದೆ!"

"ಹಾಗಾದ್ರೆ ಅಸಲಿ," ಎಂದು ಲೋಟ ತೊಳೆದಿಟ್ಟರು.

ಎರಡು ವಾರದ ಮೇಲೆ ದೊಡ್ಡಪ್ಪನಿಗೆ ಬಂತು ಆ ಫೋನು. ನಮ್ಮ ತಂಡದ ಮುಖ್ಯಸ್ಥೆ, ಅಡ್ಯಾರಿನ ತಮಿಳು ಡಾಕ್ಟರೊಬ್ಬರು, ಬಲು ಸಂತೋಷದಿಂದ, "ಸಾರ್, ಉಂಗ ಪೊಣ್ಣುಕ್ಕು ಟಿಕೆಟ್ ವಾಂಗಿಯಾಚ್ಚು!" ಎಂದರು. ನಿಮ್ಮ ಹುಡುಗಿಗೆ ಟಿಕೆಟ್ ತೆಗೆದಾಯಿತು ಎಂದು ಅದರ ಅರ್ಥ. ಆದರೆ ಆಡುಮಾತಿನಲ್ಲಿ ಟಿಕೆಟ್ ತೆಗೆದುಕೊಳ್ಳುವುದೆಂದರೆ ಸಾಯುವುದು ಎಂದೂ ಅರ್ಥವಿದೆಯಲ್ಲ! ರೈಲ್ವೆ ಕ್ವಾರ್ಟರ್ಸಿನಲ್ಲಿ ಬದುಕು ಸವೆಸಿದ ದೊಡ್ಡಪ್ಪನ ಮನೆಯಲ್ಲಿ ಯಾರೂ ಟಿಕೆಟ್ ತೆಗೆಯುವಂತಿಲ್ಲ, 'ಸೀಟು ಬರೆಸಬೇಕು'. ನಾನು ಎದುರಿಗೇ ದೋಸೆ ತಿನ್ನುತ್ತಾ ಕೂತಿದ್ದರೂ ದೊಡ್ಡಪ್ಪ ಬೆವರಿಬಿಟ್ಟರು.

"ಎಪ್ಪೋ?" ಯಾವಾಗ ಎಂದು ಕೇಳಿದರು.

"ವೆಳ್ಳಿಕ್ಕಿಳಮೈ ಕಾಲೈಲ ಸಾರ್!"

ಫೋನು ಕೆಳಗಿಟ್ಟು ನನ್ನ ಮುಖ ನೋಡಿದರು. "ಶುಕ್ರವಾರ ಬೆಳಿಗ್ಗೆಯಂತೆ. ಎಷ್ಟು ಧೈರ್ಯ ನೋಡು, ಮುಂಚಿತವಾಗಿ ಹೇಳ್ತಾರೆ!"

ಅಂದೇ ಸಂಜೆ ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಅಡ್ಯಾರಿಗೆ ಹೋದರು. ಡಾಕ್ಟರರ ಗುರುತಿನ ಕಾರ್ಡು ಕೇಳಿ, ಟ್ಯೂಬ್‌ಲೈಟಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು. ನಾಚಿಕೆಯಿಂದ ನಾನು ನೆಲ ನೋಡುತ್ತಿದ್ದೆ. ಆಮೇಲೆ ತಮ್ಮ ಉಡುಪಿ ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ಅಲ್ಲಿ ಇವಳಿಗೇ ಕಾಯಿಲೆಯಾಗಿ ಮಲಗಿದರೆ ಪಕ್ಕದಲ್ಲಿ ಯಾರು ಇರುತ್ತಾರೆ?

"ನಾನ್ ಇರುಪ್ಪೇನ್ ಸಾರ್."

"ವೆಳಿಯೇವಾ, ಉಳ್ಳೇವಾ?" ಹೊರಗೋ, ಒಳಗೋ!

"ಉಳ್ಳೇದಾನ್ ಸಾರ್," ಎಂದರು ಡಾಕ್ಟರು, ನಗದೆ.

ಇದೆಂಥ ಕೊಕ್ಕೆ ಪ್ರಶ್ನೆ ಎಂದುಕೊಂಡೆ. ವಾಪಸು ಬರುವ ಬಸ್ಸಿನಿಂದ ದೊಡ್ಡಪ್ಪ ಪಲ್ಲಾವರಂನಲ್ಲಿ ಇಳಿಯುವಾಗ "ಹೂಂ, ಹೋಗು" ಎಂದರು. ನನಗೆ ನಂಬಿಕೆಯೇ ಬರಲಿಲ್ಲ. ಅವರ ರೋಗ ನನಗೂ ಅಂಟಿತ್ತೋ ಏನೋ!

ಶುಕ್ರವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನ ಜವಾನ ನನ್ನ ಟಿಕೆಟ್ ನೋಡಿ ಒಳಗೆ ಬಿಟ್ಟ. ಜೊತೆಗೆ ಬಂದವರಿಗೆ ಅಲ್ಲಿಂದಾಚೆ ಪ್ರವೇಶವಿಲ್ಲ. ಕೈ ಬೀಸೋಣವೆಂದು ತಿರುಗಿದರೆ, ದೊಡ್ಡಪ್ಪ ನನ್ನ ಬೆನ್ನ ಹಿಂದೆಯೇ ಇದ್ದಾರೆ! ಮುಖ ಎತ್ತಿ, ಯಾರನ್ನೂ ನೋಡದೆ, ಏನೂ ತಿಳಿಯದವರಂತೆ ನುಸುಳುತ್ತಿದ್ದಾರೆ.

"ಸಾರ್, ಟಿಕೆಟ್?"

ದೊಡ್ಡಪ್ಪ ಅಂಗಿಯ ಜೇಬು ತಡವಿದರು. "ಟಿಕೆಟ್... ಪಿನ್ನಾಡಿ ವರ್ರವಂಗಕಿಟ್ಟ ಇರುಕ್ಕು ಸಾರ್." ಹಿಂದೆ ಬರುವವರ ಹತ್ತಿರ ಇದೆಯಂತೆ!

ಹಿಂದೆ ಯಾರೂ ಇರಲಿಲ್ಲ. ಜವಾನ ಮೆಲ್ಲಗೆ ಅವರ ತೋಳು ಹಿಡಿದು ಹೊರಗೆ ನಿಲ್ಲಿಸಿದ. ನನಗೆ ನಗು ತಡೆಯಲಾಗಲಿಲ್ಲ. ಬಾಗಿಲಿಗೆ ವಾಪಸು ಬಂದು, "ಎಂತ ದೊಡ್ಡಪ್ಪ, ನೀವೇ ಟಿಕೆಟ್ ಇಲ್ಲದೆ!" ಎಂದೆ.

ಅವರು ನಗಲಿಲ್ಲ.

"ನಿನ್ನ ದೊಡ್ಡಮ್ಮ ತೀರಿದ ದಿವಸ ಐಸಿಯು ಬಾಗಿಲಲ್ಲಿ ಟೈಮ್ ಆಯ್ತು, ಹೊರಗೆ ಇರಿ ಅಂದ್ರು. ನಿಯಮ ಅಲ್ವಾ, ನಾನು ಬೆಂಚಲ್ಲಿ ಕೂತೆ. ಅವಳು ಒಳಗೆ ಒಬ್ಬಳೇ ಹೋದ್ಲು. ಇವತ್ತು ಹೊರಗೆ ನಿಲ್ಲಲಿಕ್ಕೆ ಆಗ್ಲಿಲ್ಲ ಮಗಾ."

ನನ್ನ ನಗು ಅಲ್ಲೇ ಅಳುವಾಯಿತು. ಫೋನು ತೆಗೆದು ಅವರ ಮುಂದೆ ಹಿಡಿದೆ. "ವಾಪಸ್ಸಿಗೂ ಸೀಟು ಬರೆಸಿದ್ದೇನೆ ದೊಡ್ಡಪ್ಪ. ಇಲ್ಲಿದೆ, ನೋಡಿ."

ಅವರ ಕೈ ಅಭ್ಯಾಸದಂತೆ ಜೇಬಿನ ಕನ್ನಡಕಕ್ಕೆ ಹೋಯಿತು. ಆಮೇಲೆ ಹಾಗೆಯೇ ಹಿಂದೆ ಬಂದು ನನ್ನ ಫೋನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿತು.

"ನೋಡುದು ಬೇಡ. ನೀನು ಹೇಳಿದ್ಯಲ್ಲ, ಸಾಕು."