ಕೊನೆಯ ಪುಟದಲ್ಲಿ ಅಜ್ಜಿ

ಚಿತ್ರದಲ್ಲಿದ್ದ ಅಜ್ಜಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಳು. ನಿಕಾನೋರನ ಶನಿವಾರ ಹಾಳಾಗುವುದಕ್ಕೆ ಅಷ್ಟು ಸಾಕಾಯಿತು.

ನಿಕಾನೋರ್ ನಮ್ಮ ಸಾನ್ ಆಂಟೋನಿಯೊದ ಪಶ್ಚಿಮ ಭಾಗದ ಪುಟ್ಟ ಲೈಬ್ರರಿಯಲ್ಲಿ ಸಹಾಯಕ. ವಯಸ್ಸು ನಲವತ್ತೆರಡು, ಮದುವೆಯಾಗಿಲ್ಲ, ಹರಿದ ಪುಸ್ತಕಕ್ಕೆ ಅಂಟು ಹಚ್ಚುವುದರಲ್ಲಿ ಎತ್ತಿದ ಕೈ. ಸೆಪ್ಟೆಂಬರಿನಲ್ಲಿ ಲ್ಯಾಟಿನೊ ಪರಂಪರೆಯ ತಿಂಗಳು ಶುರುವಾದರೆ ಬಣ್ಣದ ಕಾಗದದ ತೋರಣ ಕಟ್ಟಿ, ನಮ್ಮವರ ಕತೆಯಿರುವ ಮಕ್ಕಳ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಜೋಡಿಸುವುದು ಅವನ ಕೆಲಸ. ಎಲ್ಲ ಎಂದರೆ ಅರ್ಧ ಕಪಾಟು. ಎರಡನೆಯ ವಾರಕ್ಕೇ ಮಕ್ಕಳು ‘ಇದು ಓದಾಯ್ತು, ಇದೂ ಓದಾಯ್ತು’ ಎಂದು ಮೂತಿ ತಿರುಗಿಸುತ್ತಾರೆ. ಹಾಗೆ ತಿರುಗಿದ ಮೂತಿಗಳನ್ನು ಹದಿನೈದು ವರ್ಷ ನೋಡಿ ನೋಡಿ ಸಾಕಾಗಿ, ಈ ಸಲ ತಾನೇ ಒಂದು ಪುಸ್ತಕ ಬರೆದ. ಚಿತ್ರಗಳೂ ಅವನವೇ. ಒಬ್ಬ ಹುಡುಗನಿಗೆ ಅವನಜ್ಜಿ ದಿನಾ ಪುಸ್ತಕ ಓದಿ ಹೇಳುವ ಕತೆ.

ಬರೆದದ್ದೇನೋ ಆಯಿತು, ಅಚ್ಚು ಹಾಕಿಸುವವರು ಯಾರು? ಅದಕ್ಕೆ ನಮ್ಮಲ್ಲಿ ಹಳೆಯ ದಾರಿಯಿದೆ. ಮನೆಯ ಹುಡುಗಿಗೆ ಹದಿನೈದು ತುಂಬಿದ ಹಬ್ಬ ಬಂದಾಗ ಉಡುಪಿಗೊಬ್ಬರು, ಕೇಕಿಗೊಬ್ಬರು, ಬ್ಯಾಂಡಿಗೊಬ್ಬರು ಎಂದು ನೆಂಟರು ನೆರೆಯವರು ‘ಪದ್ರಿನೊ’ಗಳಾಗಿ ಹೊಣೆ ಹೊರುತ್ತಾರೆ. ಹೊಣೆ ಹೊತ್ತವರಿಗೆ ಬಾಯಿ ಹಾಕುವ ಹಕ್ಕೂ ತಾನಾಗಿ ಬರುತ್ತದೆ. ನಿಕಾನೋರ್ ಪುಸ್ತಕಕ್ಕೂ ಪದ್ರಿನೊಗಳನ್ನು ಹುಡುಕಿದ. ಮಾಂಸದಂಗಡಿಯ ದೋನ್ ಫಿದೆನ್ಸಿಯೊ ಕಾಗದ ಕೊಡಿಸಿದರು. ಬ್ಯೂಟಿ ಪಾರ್ಲರಿನ ದೋನ್ಯಾ ಎರ್ಮೆಲಿಂಡಾ ರಟ್ಟಿನ ಹೊಣೆ ಹೊತ್ತಳು. ಆಮಂತ್ರಣ ಪತ್ರಿಕೆ ಅಚ್ಚು ಮಾಡುವ ಬಾಲ್ದೆಮಾರ್ ಅಚ್ಚಿಗೆ ನಿಂತ. ಹತ್ತು ಜನ ಸೇರಿ ಹೊಡೆದರೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ನಿಕಾನೋರನ ಪಾಲಿಗೆ ಮೂರೇ ಜನ ಸಾಕಾದರು.

ಶನಿವಾರ ಮಧ್ಯಾಹ್ನ ಮೂರಕ್ಕೆ ಲೈಬ್ರರಿಯಲ್ಲಿ ಬಿಡುಗಡೆ. ಬೆಳಿಗ್ಗೆ ಒಂಬತ್ತಕ್ಕೆ ನಿಕಾನೋರ್ ಪ್ರೆಸ್ಸಿಗೆ ಹೋಗಿ ಪೆಟ್ಟಿಗೆ ಬಿಚ್ಚಿದ. ಮೂರನೆಯ ಪುಟದ ಕಿಟಕಿಯಾಚೆ ಗುಡ್ಡ ಇರಬೇಕಾದ ಕಡೆ ದೋನ್ ಫಿದೆನ್ಸಿಯೊನ ಅಂಗಡಿಯ ಬೋರ್ಡು ಬಂದಿತ್ತು. ಹತ್ತನೆಯ ಪುಟದಿಂದ ಅಜ್ಜಿಯ ಜಡೆ ಮಾಯವಾಗಿ, ಎರ್ಮೆಲಿಂಡಾಳ ಪಾರ್ಲರಿನಿಂದ ಈಗ ತಾನೇ ಎದ್ದು ಬಂದಂತೆ ಕೂದಲು ಗುಂಗುರಾಗಿ ಉಬ್ಬಿತ್ತು. ಇಬ್ಬರೂ ಪ್ರೆಸ್ಸಿಗೆ ಬೇರೆ ಬೇರೆಯಾಗಿ ಫೋನ್ ಮಾಡಿದ್ದರು. ನಿಕಾನೋರ್ ಇದನ್ನೆಲ್ಲ ನುಂಗಿಕೊಂಡ. ಕೊನೆಯ ಪುಟ ತೆರೆದಾಗ ಮಾತ್ರ ಅವನ ಮುಖದ ಬಣ್ಣ ಇಳಿಯಿತು.

“ಅಲ್ಲೊಂದು ತಪ್ಪಾಗಿತ್ತು ಕಣೋ,” ಎಂದ ಬಾಲ್ದೆಮಾರ್. “ಮುದುಕಿ ಪುಸ್ತಕಾನ ತಲೆಕೆಳಗೆ ಹಿಡ್ಕೊಂಡಿದ್ಲು. ಕಂಪ್ಯೂಟರಲ್ಲೇ ತಿರುಗಿಸಿ ನೆಟ್ಟಗೆ ಮಾಡಿದೀನಿ. ನನ್ನ ಕಣ್ಣಿಗೆ ಬಿತ್ತು, ನಿನ್ನ ಮಾನ ಉಳೀತು.”

“ಅದು ತಪ್ಪಲ್ಲ ಬಾಲ್ದೆಮಾರ್. ಬೇಕು ಅಂತಲೇ ಹಾಗೆ ಬರೆದಿದ್ದು.”

“ಯಾಕೆ?”

ಈ ಯಾಕೆಗೆ ಉತ್ತರ ಹೇಳುವಂತಿರಲಿಲ್ಲ. ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನಿಕಾನೋರನನ್ನು ಬೆಳೆಸಿದ್ದು ಅಜ್ಜಿ ಪೆತ್ರೋನಿಲಾ. ಆಸ್ಪತ್ರೆಯ ಬಟ್ಟೆ ಒಗೆದು ಮನೆಗೆ ಬಂದು, ರಟ್ಟು ಹರಿದುಹೋದ ಒಂದು ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ದಿನಕ್ಕೊಂದು ಕತೆ ಓದಿ ಹೇಳುತ್ತಿದ್ದಳು. ನದಿಗಳು, ಮೇಕೆಗಳು, ಮಾತನಾಡುವ ಮೆಣಸಿನಕಾಯಿ, ಎಲ್ಲ ಅದರಲ್ಲಿದ್ದವು. ಹುಡುಗ ಒಂದನೆಯ ಕ್ಲಾಸಿನಲ್ಲಿ ಅಕ್ಷರ ಕಲಿತ. ಒಂದು ಸಂಜೆ ಅಜ್ಜಿಯ ಪಕ್ಕ ಕೂತು ನೋಡಿದರೆ ಅಕ್ಷರಗಳೆಲ್ಲ ತಲೆಕೆಳಗಾಗಿ ನಿಂತಿದ್ದವು. ಮಾರನೆಯ ದಿನ ಅವಳಿಲ್ಲದಾಗ ನೆಟ್ಟಗೆ ಮಾಡಿ ಓದಿದ. ಅದು ಊರಿನ ಹಳೆಯ ಟೆಲಿಫೋನ್ ಡೈರೆಕ್ಟರಿ.

ಅವತ್ತು ಸಂಜೆ ಏನೂ ಗೊತ್ತಿಲ್ಲದವನಂತೆ ಹೋಗಿ ಕತೆಗೆ ಕೂತ. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಅಜ್ಜಿಗೆ ಎಂಬತ್ತಾರು. ಓದು ಬರದಿದ್ದುದನ್ನು ಜನ್ಮವಿಡೀ ಮುಚ್ಚಿಟ್ಟ ಹೆಂಗಸು. ಚರ್ಚಿನಲ್ಲೂ ಪ್ರಾರ್ಥನೆ ಪುಸ್ತಕವನ್ನು ಕೊನೆಯವರೆಗೆ ತೆರೆದು ಹಿಡಿದೇ ಕೂರುತ್ತಾಳೆ. ನನಗೆ ಗೊತ್ತಿತ್ತು ಅಜ್ಜಿ, ನನಗೆ ಅದೇ ಇಷ್ಟವಾಗಿತ್ತು ಎಂದು ಅವಳಿಗೆ ಬಾಯಿಬಿಟ್ಟು ಹೇಳಲು ನಿಕಾನೋರನಿಗೆ ಮೂವತ್ತಾರು ವರ್ಷದಲ್ಲಿ ಧೈರ್ಯ ಬಂದಿರಲಿಲ್ಲ. ಅದಕ್ಕೇ ಆ ಚಿತ್ರ. ಉಳಿದವರು ತಮಾಷೆಯೆಂದು ನಕ್ಕು ಮುಂದೆ ಹೋಗುತ್ತಾರೆ, ತಿಳಿಯಬೇಕಾದವಳಿಗೆ ತಿಳಿಯುತ್ತದೆ ಎಂದು ಅವನ ಲೆಕ್ಕ. ಇಡೀ ಪುಸ್ತಕ ಬರೆದದ್ದೇ ಆ ಒಂದು ಪುಟಕ್ಕಾಗಿ.

“ಅದು... ಕಲೆ,” ಎಂದು ಬಾಲ್ದೆಮಾರನಿಗೆ ಹೇಳಿದ.

ಕಲೆ ಎಂದ ಮೇಲೆ ಬಾಲ್ದೆಮಾರನಿಗೆ ಅನುಮಾನ ಹೆಚ್ಚಾಯಿತು. ನಿಕಾನೋರ್ ಬೇಡಿಕೊಂಡದ್ದಕ್ಕೆ, ಮಷೀನಿನಲ್ಲಿದ್ದ ಆಮಂತ್ರಣ ಪತ್ರಿಕೆ ಮುಗಿದ ಮೇಲೆ ಹಳೆಯ ಚಿತ್ರವನ್ನೇ ಅಂಟುಕಾಗದದ ಮೇಲೆ ನೂರು ಪ್ರತಿ ತೆಗೆದುಕೊಡುವುದಾಗಿ ಒಪ್ಪಿದ. ಅಂಟಿಸಿಕೊಳ್ಳುವುದು ನಿಕಾನೋರನ ಹಣೆಬರಹ. ಅವನು ಆಚೆ ಕಾಲಿಟ್ಟದ್ದೇ ತಡ, ದೋನ್ ಫಿದೆನ್ಸಿಯೊನಿಗೆ ಫೋನ್ ಹೋಯಿತು. ಅಲ್ಲಿಂದ ಎರ್ಮೆಲಿಂಡಾಳಿಗೆ ಹೋಯಿತು.

ಮಧ್ಯಾಹ್ನ ಒಂದು ಗಂಟೆಗೆ ನಿಕಾನೋರ್ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಪುಸ್ತಕದ ರಾಶಿ, ಅಂಟುಕಾಗದದ ರಾಶಿ ಇಟ್ಟುಕೊಂಡು ಕೂತಿದ್ದ. ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಬಾಗಿಲು ತಟ್ಟದೆ ಇಬ್ಬರೂ ಒಳಗೆ ಬಂದರು. ದೋನ್ ಫಿದೆನ್ಸಿಯೊ ಏಪ್ರನ್ ಕೂಡ ಬಿಚ್ಚಿರಲಿಲ್ಲ.

“ಕಾಗದ ನಂದು,” ಎಂದು ಶುರುಮಾಡಿದರು ಅವರು. “ನಮ್ಮ ಮಕ್ಕಳ ಮುಂದೆ ನಮ್ಮ ಮುದುಕೀರನ್ನ ಹೀಗೆ ತೋರಿಸ್ತೀಯಾ? ಪುಸ್ತಕ ಯಾವ ಕಡೆ ಹಿಡೀಬೇಕು ಅಂತಾನೂ ಗೊತ್ತಿಲ್ಲದ ಜನ ಅಂತ ಹೊರಗಿನವರು ಆಡ್ಕೊಳ್ಳೋದು ಸಾಲದಾ? ಈಗ ನಾವೇ ಅಚ್ಚು ಹಾಕಿ ಹಂಚೋಣ್ವಾ?”

ಅವರ ಮಾತಿನಲ್ಲೂ ನೋವಿತ್ತು. ಅದನ್ನು ಅರಿತು ನಿಕಾನೋರ್ ಇನ್ನಷ್ಟು ಕುಗ್ಗಿದ. ಎರ್ಮೆಲಿಂಡಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ನೋಡುತ್ತಿದ್ದಳು. ಚಿತ್ರ ನೆಟ್ಟಗೇ ಇರಲಿ, ಮುದುಕಿಯನ್ನು ನಾಲ್ಕು ಜನರ ಮುಂದೆ ಕೂರಿಸಿ ಮರ್ಯಾದೆ ಕಳೆಯಬೇಡ ಎಂದು ಅವಳದು ಒಂದೇ ಹಟ. ಯಾಕೆಂದು ಕೇಳಿದರೆ ಅವಳೂ ಸರಿಯಾಗಿ ಹೇಳಲಿಲ್ಲ.

ಬೇರೆ ದಾರಿ ಕಾಣದೆ ನಿಕಾನೋರ್ ಒಂದು ಸುಳ್ಳು ಹೇಳಿದ. “ಅಜ್ಜೀನೇ ಹಾಗಿರಲಿ ಅಂದ್ಲು.”

ದೋನ್ ಫಿದೆನ್ಸಿಯೊ ತಣ್ಣಗಾದರು. ಪೆತ್ರೋನಿಲಾ ಅಂದಮೇಲೆ ಆ ಬೀದಿಯಲ್ಲಿ ಎದುರಾಡುವವರಿಲ್ಲ. ಆದರೆ ಎರ್ಮೆಲಿಂಡಾ ಹುಬ್ಬೇರಿಸಿದಳು.

“ಹೌದಾ? ಎರಡು ಗಂಟೆಗೆ ಅವರ ಕೂದಲು ಸೆಟ್ ಮಾಡೋಕೆ ಹೋಗ್ತಿದೀನಿ. ಕೇಳ್ತೀನಿ ಬಿಡು.”

ಅವರು ಹೋದ ಮೇಲೆ ನಿಕಾನೋರನ ಕೈ ಅಂಟುಕಾಗದದ ಮೇಲಿದ್ದರೂ ಜೀವ ಅಜ್ಜಿಯ ಮನೆಯಲ್ಲಿತ್ತು. ಎರ್ಮೆಲಿಂಡಾ ಏನೆಂದು ಕೇಳುತ್ತಾಳೆ? ಪುಸ್ತಕ ತಲೆಕೆಳಗೆ ಹಿಡಿಯುವ ವಿಷಯ ಊರೆಲ್ಲ ಆಡುತ್ತಿದೆ ಎಂದು ತಿಳಿದರೆ ಅಜ್ಜಿ ಮನೆಯಿಂದ ಹೊರಗೇ ಬರಲಿಕ್ಕಿಲ್ಲ. ಕಾಗದ ಸುಲಿ, ಅಂಟಿಸು, ಒರೆಸು. ಸುಲಿ, ಅಂಟಿಸು, ಒರೆಸು. ನೂರು ಪುಸ್ತಕ ಮುಗಿದಾಗ ಮೂರಕ್ಕೆ ಹತ್ತು ನಿಮಿಷ. ಜೀವಮಾನದಲ್ಲಿ ಮೊದಲ ಸಲ ಅವನು ತಾನು ಅಂಟಿಸಿದ್ದನ್ನು ತಿರುಗಿ ನೋಡಲಿಲ್ಲ.

ಹಾಲ್ ತುಂಬಿತ್ತು. ಐವತ್ತು ಮಕ್ಕಳು ನೆಲದ ಮೇಲೆ, ಹಿಂದೆ ಅವರ ಮನೆಯವರು. ಅಜ್ಜಿ ಮುಂದಿನ ಕುರ್ಚಿಯಲ್ಲಿ ಹತ್ತನೆಯ ಪುಟದಲ್ಲಿದ್ದ ಹಾಗೇ ಗುಂಗುರು ಕೂದಲಿನಲ್ಲಿ ಕೂತಿದ್ದಳು. ನಿಕಾನೋರ್ ಎರ್ಮೆಲಿಂಡಾಳ ಪಕ್ಕಕ್ಕೆ ಹೋಗಿ ಮೆಲ್ಲಗೆ ವಿಚಾರಿಸಿದ. “ಕೇಳಿದೆ. ಚಿತ್ರ ನೋಡಿ ಹೇಳ್ತೀನಿ ಅಂದ್ರು,” ಎಂದಳು ಅವಳು.

ಅವನು ಓದಲು ನಿಂತ. ಅಜ್ಜಿಯ ಕಡೆ ನೋಡದೆ ಒಂದೇ ಸ್ವರದಲ್ಲಿ ಓದಿಕೊಂಡು ಹೋದ. ಎರಡನೆಯ ಪುಟಕ್ಕೆ ಮಕ್ಕಳು ಆಕಳಿಸಿದರು. ಮೂರನೆಯ ಪುಟ ಎತ್ತಿ ತೋರಿಸಿದಾಗ ದೋನ್ ಫಿದೆನ್ಸಿಯೊ ಒಬ್ಬರೇ ತಮ್ಮ ಅಂಗಡಿಯ ಬೋರ್ಡಿಗೆ ಚಪ್ಪಾಳೆ ತಟ್ಟಿದರು. ಐದನೆಯ ಪುಟಕ್ಕೆ ಒಂದು ಮಗು ಮೂತ್ರಕ್ಕೆಂದು ಎದ್ದಿತು, ಅದರ ಹಿಂದೆ ಎಂಟು ಎದ್ದವು.

“ಕೊಡಿಲ್ಲಿ,” ಎಂದಳು ಅಜ್ಜಿ. “ಕರೆಂಟು ಬಿಲ್ಲು ಓದಿದ ಹಾಗೆ ಓದ್ತೀಯಲ್ಲೋ ಮಗಾ.”

ನಿಕಾನೋರ್ ಪುಸ್ತಕವನ್ನು ಎದೆಗೆ ಒತ್ತಿಕೊಂಡ. ನೀನು ಸುಸ್ತಾಗ್ತೀಯ ಅಜ್ಜಿ ಎಂದು ಏನೇನೋ ತೊದಲಿದ. ಅವಳು ಕೇಳಲಿಲ್ಲ. ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು, ಕೈಗೆ ಸಿಕ್ಕ ಪುಟ ತೆರೆದಳು. ಅದು ಕೊನೆಯ ಪುಟ. ನೋಡಿ ಹುಬ್ಬು ಗಂಟಿಕ್ಕಿದಳು. ಆಮೇಲೆ ನಿಧಾನವಾಗಿ ಪುಸ್ತಕವನ್ನೇ ತಿರುವಿ, ತಲೆಕೆಳಗಾಗಿ ಹಿಡಿದು ಕೂತಳು.

ಮುಂದೆ ಕೂತಿದ್ದ ಹುಡುಗಿಯೊಬ್ಬಳಿಗೆ ರಟ್ಟಿನ ಮೇಲಿನ ಹೆಸರು ಉಲ್ಟಾ ಕಂಡಿತು. “ಅಜ್ಜೀ, ಪುಸ್ತಕ ತಲೆಕೆಳಗೆ ಹಿಡ್ಕೊಂಡಿದೀಯ,” ಎಂದಳು.

ಎಲ್ಲರ ಕಣ್ಣೂ ಅಜ್ಜಿಯ ಕಡೆ ತಿರುಗಿತು. ನಿಕಾನೋರನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಎಂಬತ್ತಾರು ವರ್ಷ ಕಾಪಾಡಿಕೊಂಡ ಗುಟ್ಟು ತನ್ನಿಂದ, ತನ್ನ ಪುಸ್ತಕದಿಂದ ಬೀದಿಗೆ ಬಿತ್ತಲ್ಲ.

“ಯಾವ ತಲೆಕೆಳಗು?” ಎಂದಳು ಅಜ್ಜಿ. ತೆರೆದ ಪುಟವನ್ನು ಹಾಗೇ ಮಕ್ಕಳ ಕಡೆ ತಿರುಗಿಸಿ ತೋರಿಸಿದಳು. “ನೋಡು. ನಾನು ನೆಟ್ಟಗೇ ಕೂತಿದೀನಲ್ಲ.”

ನಿಜ, ಚಿತ್ರದ ಅಜ್ಜಿ ನೆಟ್ಟಗೆ ಕೂತಿದ್ದಳು. ನಿಕಾನೋರ್ ಆಗ ಕಣ್ಣರಳಿಸಿ ನೋಡಿದ. ಎರ್ಮೆಲಿಂಡಾಳ ಚಿಂತೆಯಲ್ಲಿ ಅವನು ನೂರಕ್ಕೆ ನೂರು ಚಿತ್ರಗಳನ್ನೂ ಉಲ್ಟಾ ಅಂಟಿಸಿದ್ದ. ಪುಸ್ತಕ ಸರಿಯಾಗಿ ಹಿಡಿದರೆ ಅಜ್ಜಿ ತಲೆಯ ಮೇಲೆ ನಿಲ್ಲುತ್ತಿದ್ದಳು, ತಲೆಕೆಳಗೆ ಹಿಡಿದರೆ ನೆಟ್ಟಗಾಗುತ್ತಿದ್ದಳು. ಮಕ್ಕಳು ತಲೆದೂಗಿದರು. ಕಣ್ಣಿಗೆ ಕಂಡದ್ದನ್ನು ಇಲ್ಲ ಎನ್ನುವುದು ಹೇಗೆ?

ಅಜ್ಜಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಆ ಪುಟವನ್ನು ಇನ್ನೊಮ್ಮೆ ನೋಡಿದಳು. ಬಹಳ ಹೊತ್ತು ನೋಡಿದಳು. ಚಿತ್ರದ ಅಜ್ಜಿಯ ಕೈಯಲ್ಲಿ ತಲೆಕೆಳಗಾಗಿದ್ದ ಪುಸ್ತಕ, ಅದನ್ನು ಬಿಟ್ಟು ಅಜ್ಜಿಯ ಮುಖವನ್ನೇ ನೋಡುತ್ತಿದ್ದ ಹುಡುಗ. ತಲೆಯೆತ್ತಿ ನಿಕಾನೋರನನ್ನು ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಓದತೊಡಗಿದಳು.

ಪಾದ್ರಿಯ ಎಡಗಾಲಿನ ಬೂಟು ಕದ್ದ ಒಂದು ಮೇಕೆಯ ಕತೆ. ಮೇಕೆ ಬೂಟಿನೊಳಗೆ ಕೂತು ನದಿ ದಾಟಿತು, ಆಚೆ ದಡದಲ್ಲಿ ಶೆರೀಫನ ಟೋಪಿ ತಿಂದಿತು, ಕಡೆಗೆ ಚುನಾವಣೆಗೆ ನಿಂತಿತು. ಅಜ್ಜಿ ಸರಿಯಾದ ಜಾಗಗಳಲ್ಲಿ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುತ್ತಿದ್ದಳು. ಹೊರಗೆ ಹೋಗಿದ್ದ ಒಂಬತ್ತು ಮಕ್ಕಳೂ ಬಂದು ಬಾಗಿಲಲ್ಲೇ ಕೂತವು. ನಕ್ಕು ನಕ್ಕು ದೋನ್ ಫಿದೆನ್ಸಿಯೊನ ಏಪ್ರನ್ ಕಣ್ಣೀರಿನಿಂದ ಒದ್ದೆಯಾಯಿತು. ಮೂವತ್ತಾರು ವರ್ಷಗಳ ಮೇಲೆ ನಿಕಾನೋರ್ ಮತ್ತೆ ಒಂದನೆಯ ಕ್ಲಾಸಿನ ಹುಡುಗನಾಗಿ ಬಾಯಿಬಿಟ್ಟುಕೊಂಡು ಕೇಳಿದ. ಅವನಿಗೆ ಅಳು ಬಂದಿತು, ಅತ್ತ.

ತಾಪತ್ರಯ ಶುರುವಾದದ್ದು ಆಮೇಲೆ. ಮಕ್ಕಳು ಸಾಲಾಗಿ ನಿಂತು ಪುಸ್ತಕ ತೆಗೆದುಕೊಂಡರು, ಅಲ್ಲೇ ಬಿಚ್ಚಿದರು, ಮುಂದಿನಿಂದ ಹುಡುಕಿದರು, ಹಿಂದಿನಿಂದ ಹುಡುಕಿದರು, ತಿರುಗಿಸಿ ಹುಡುಕಿದರು. ಐದು ನಿಮಿಷದಲ್ಲಿ ಎಲ್ಲ ಪುಸ್ತಕಗಳೂ ಮೇಜಿಗೆ ವಾಪಸ್ ಬಂದವು.

“ಸರ್, ಇದರಲ್ಲಿ ಮೇಕೆ ಇಲ್ಲ,” ಎಂದಳು ಆ ಹುಡುಗಿ.

ದೋನ್ ಫಿದೆನ್ಸಿಯೊ ಒಂದು ಪ್ರತಿ ಎತ್ತಿ ಹಾಳೆ ತಿರುವಿ ತಲೆ ಕೆರೆದುಕೊಂಡರು. ಕೊನೆಯ ಪುಟ ನೆಟ್ಟಗಾದರೆ ಉಳಿದ ಪುಟಗಳೆಲ್ಲ ತಲೆಕೆಳಗು. ಏನಿದು ಎಂದು ಅವರು ಕೇಳುವಷ್ಟರಲ್ಲಿ ಎರ್ಮೆಲಿಂಡಾ ನಡುವೆ ಬಂದಳು.

“ಇನ್ನೇನು, ಪ್ರೆಸ್ಸಿನ ತಪ್ಪು,” ಎಂದಳು ಜೋರಾಗಿ. “ಪೆತ್ರೋನಿಲಾ ಅವರು ಓದಿದ ಕಡೆಯೇ ಸರಿ. ಬಾಲ್ದೆಮಾರ್ ಮಿಕ್ಕಿದ್ದೆಲ್ಲ ಉಲ್ಟಾ ಹೊಡೆದಿದಾನೆ. ಕತೇನೂ ಬೇರೆ ಯಾವುದೋ ಹಾಕಿದಾನೆ.”

ಹಿಂದೆ ನಿಂತಿದ್ದ ಬಾಲ್ದೆಮಾರ್ ಬಾಯಿ ತೆರೆದ. ಎರ್ಮೆಲಿಂಡಾ ಅವನ ಕಡೆ ನೋಡಿದ ರೀತಿಗೆ ಮುಚ್ಚಿದ. ಆಮೇಲೆ ಅವಳು ನಿಕಾನೋರನ ಪಕ್ಕಕ್ಕೆ ಬಂದು ಅವನಿಗಷ್ಟೇ ಕೇಳುವಂತೆ ಹೇಳಿದಳು: “ಇಪ್ಪತ್ತು ವರ್ಷದಿಂದ ಭಾನುವಾರ ಭಾನುವಾರ ಚರ್ಚಲ್ಲಿ ಪ್ರಾರ್ಥನೆ ಪುಸ್ತಕ ನೆಟ್ಟಗೆ ಮಾಡಿ ಅವರ ಕೈಗೆ ಇಡ್ತಿರೋದು ಯಾರು ಅನ್ಕೊಂಡಿದೀಯ?”

ಅಷ್ಟರಲ್ಲಿ ಪದ್ರಿನೊಗಳು ನಿಂತಲ್ಲೇ ತೀರ್ಮಾನ ಮಾಡಿ ಮುಗಿಸಿದ್ದರು. ಹೊಸ ಕಾಗದ ದೋನ್ ಫಿದೆನ್ಸಿಯೊ ಕೊಡುವುದು, ತಪ್ಪು ಮಾಡಿದ ಬಾಲ್ದೆಮಾರ್ ತಿರುಗಿ ಅಚ್ಚು ಹಾಕುವುದು, ಮುಂದಿನ ಶನಿವಾರದೊಳಗೆ ಮೇಕೆಯ ಕತೆಯನ್ನು ಒಂದಕ್ಷರ ಬಿಡದೆ ಬರೆದು, ಕೊನೆಯದೊಂದನ್ನು ಬಿಟ್ಟು ಮೂವತ್ತೊಂದು ಚಿತ್ರ ಹೊಸದಾಗಿ ಬಿಡಿಸುವುದು ನಿಕಾನೋರನ ಪಾಲಿಗೆ. ಅವನ ಕತೆ, ಅವನು ಎರಡು ವರ್ಷ ಕೂತು ಬರೆದ ಕತೆ, ರದ್ದಿಗೆ. ಇಲ್ಲ ಎನ್ನಬೇಕಾದರೆ ನಿಜ ಹೇಳಬೇಕು. ಅವನು ತಲೆಯಾಡಿಸಿ ಒಪ್ಪಿಕೊಂಡ.

ಎಲ್ಲರೂ ತಮಾಲೆ ತಿನ್ನಲು ಹೊರಗೆ ಹೋದ ಮೇಲೆ ಅವನು ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

“ಯಾವಾಗಿಂದ ಗೊತ್ತಿತ್ತು?” ಎಂದು ಕೇಳಿದಳು ಅಜ್ಜಿ.

“ಒಂದನೇ ಕ್ಲಾಸಿಂದ.”

ಅಜ್ಜಿ ಅವನ ತಲೆಗೊಂದು ಮೊಟಕಿದಳು. ಮೊಟಕಿದ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

ಆಮೇಲೆ ನಿಕಾನೋರ್ ಜೇಬಿನಿಂದ ಪೆನ್ನು, ಚೀಟಿ ತೆಗೆದ. “ಅಜ್ಜಿ, ಆ ಮೇಕೆ ಕತೆ ಇನ್ನೊಂದು ಸಲ ಹೇಳು. ಬರ್ಕೋಬೇಕು.”

“ಯಾವ ಮೇಕೆ?” ಎಂದಳು ಪೆತ್ರೋನಿಲಾ ಅಜ್ಜಿ. “ಪುಸ್ತಕ ಕೊಡಿಲ್ಲಿ, ನೋಡಿ ಹೇಳ್ತೀನಿ.”